ಕಲ್ಪಿತ ಗಿರಾಕಿಯೂ ಕೌಂಟರಿನ ಮುಂದಿನ ಮನುಷ್ಯನೂ

ಸಾಫ್ಟ್‌ವೇರ್ ತಯಾರಿಸುವ ಕಂಪೆನಿಗಳಲ್ಲಿ ಒಂದು ಪದ್ಧತಿಯಿದೆ. ತಮ್ಮ ಸರಕನ್ನು ಬಳಸುವವರು ಯಾರೆಂದು ತಿಳಿದುಕೊಳ್ಳುವುದಕ್ಕಾಗಿ ಅವರು ಇಲ್ಲದ ಮನುಷ್ಯನೊಬ್ಬನನ್ನು ಹುಟ್ಟಿಸುತ್ತಾರೆ. ಅವನಿಗೊಂದು ಹೆಸರು, ಪ್ರಾಯ, ಊರು, ಉದ್ಯೋಗ, ಸಂಬಳ, ನಗುಮುಖದ ಒಂದು ಫೋಟೋ, ಅವನ ಬಾಯಲ್ಲಿ ಎರಡು ಮಾತು - ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ಕಣ್ಣಿಗೆ ಬೀಳುವಂತೆ ಇಡುತ್ತಾರೆ. ಇದಕ್ಕೆ ‘ಪರ್ಸೋನಾ’ ಎಂದು ಹೆಸರು. ಮುಂದೆ ಈ ಗುಂಡಿ ಎಲ್ಲಿರಬೇಕು, ಆ ಅಕ್ಷರ ಎಷ್ಟು ದೊಡ್ಡದಾಗಿರಬೇಕು ಎಂಬ ಚರ್ಚೆ ಬಂದಾಗಲೆಲ್ಲ ಆ ಹಾಳೆಯತ್ತ ಕೈ ತೋರಿಸಿ ‘ಇವನಿಗೆ ಬೇಕಾದದ್ದೇನು?’ ಎಂದು ಕೇಳುವುದು ಕ್ರಮ. ಕೇಳಲು ಚೆಂದವಾಗಿಯೇ ಇದೆ. ಆದರೆ ಕಾಸರಗೋಡಿನ ಕನ್ನಡ ಕುಟುಂಬಗಳ ಮಟ್ಟಿಗೆ ಈ ಹಾಳೆ ಮಾಡುತ್ತಿರುವ ಅನ್ಯಾಯ ಸಣ್ಣದಲ್ಲವೆಂದು ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕುಳಿತಿರುವ ಗುಮಾಸ್ತನಾದ ನಾನು ಹೇಳಲೇಬೇಕಾಗಿದೆ.

ಸಾಹಿತ್ಯ ವಾರ್ಷಿಕದಲ್ಲಿ ಇದೆಂತಹ ವಿಷಯ ಎಂದು ಹುಬ್ಬೇರಿಸುವವರಿದ್ದಾರೆ, ಗೊತ್ತು. ಇಲ್ಲದ ಮನುಷ್ಯನನ್ನು ಹುಟ್ಟಿಸಿ, ಅವನಿಗೆ ಹೆಸರಿಟ್ಟು, ಅವನ ಬಾಯಲ್ಲಿ ಮಾತು ಇಡುವುದು ಕಥೆಗಾರರ ಕಸುಬು. ಆ ಕಸುಬನ್ನು ಈಗ ಬೇರೆಯವರು ಕೈಗೆತ್ತಿಕೊಂಡಿದ್ದಾರೆ. ಅದನ್ನು ಚೆನ್ನಾಗಿ ಮಾಡುತ್ತಾರೋ ಕೆಡಿಸುತ್ತಾರೋ ಎಂದು ನೋಡುವ ಹಕ್ಕು ಸಾಹಿತ್ಯದ ಓದುಗರಿಗಲ್ಲದೆ ಇನ್ನಾರಿಗಿದೆ?

ಲ್ಯಾಟಿನ್ ಭಾಷೆಯಲ್ಲಿ ಪರ್ಸೋನಾ ಎಂದರೆ ನಟ ಧರಿಸುವ ಮುಖವಾಡ. ಪಾರ್ತಿಸುಬ್ಬನ ಸೀಮೆಯವರಾದ ನಮಗೆ ವೇಷವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಣ್ಣ ಬಳಿದು ಕಿರೀಟ ಕಟ್ಟಿದವನೆಲ್ಲ ರಾವಣನಾಗುವುದಿಲ್ಲ. ಪ್ರಸಂಗದ ನಡೆ ಗೊತ್ತಿರಬೇಕು, ಅರ್ಥ ಹೇಳಲು ಬರಬೇಕು, ಎದುರಿನ ಅರ್ಥಧಾರಿ ಅನಿರೀಕ್ಷಿತವಾಗಿ ಎಸೆದ ಪ್ರಶ್ನೆಗೆ ಆ ಪಾತ್ರದ ಒಳಗಿನಿಂದಲೇ ಉತ್ತರ ಹೊರಡಬೇಕು. ತಾಳಮದ್ದಳೆಯಲ್ಲಂತೂ ವೇಷವೇ ಇಲ್ಲ. ಹೆಗಲಿಗೊಂದು ಶಾಲು ಹಾಕಿ ಕುಳಿತವರು ಶೇಣಿ ಗೋಪಾಲಕೃಷ್ಣ ಭಟ್ಟರಂಥವರಾದರೆ ರಾವಣ ತಾನಾಗಿ ಎದ್ದು ಬರುತ್ತಿದ್ದ. ಸಾಫ್ಟ್‌ವೇರ್ ಕಂಪೆನಿಗಳ ಗೋಡೆಯ ಮೇಲಿರುವ ವೇಷಗಳ ಹಿಂದೆ ಇಂತಹ ಅರ್ಥಗಾರಿಕೆ ಏನಾದರೂ ಇದೆಯೇ ಎಂಬುದೇ ನನ್ನ ಪ್ರಶ್ನೆ.

ಮೊದಲಿಗೆ ಇತ್ತು. ಅದನ್ನು ಒಪ್ಪಿಕೊಳ್ಳದೆ ಟೀಕಿಸಿದರೆ ನ್ಯಾಯವಾಗದು. ಈ ಪದ್ಧತಿಯ ಮೂಲಪುರುಷ ಅಲನ್ ಕೂಪರ್ ಎಂಬ ಅಮೆರಿಕದ ಪ್ರೋಗ್ರಾಮರ್. ಮೈಕ್ರೋಸಾಫ್ಟಿನ ವಿಶುವಲ್ ಬೇಸಿಕ್ ಹುಟ್ಟಿಗೆ ಕಾರಣನಾದವನೂ ಅವನೇ. 1983ರ ಸುಮಾರಿಗೆ, ದೊಡ್ಡ ಕೆಲಸಗಳ ಯೋಜನೆ ಹಾಕುವುದಕ್ಕೆ ನೆರವಾಗುವ ಒಂದು ಪ್ರೋಗ್ರಾಮನ್ನು ಆತ ಒಬ್ಬನೇ ಕುಳಿತು ಬರೆಯುತ್ತಿದ್ದ. ಬರೆಯುವ ಮೊದಲು ಅಂತಹ ಕೆಲಸದಲ್ಲಿದ್ದ ಏಳೆಂಟು ಮಂದಿಯನ್ನು ಕಂಡು ಮಾತಾಡಿದ. ಅವರಲ್ಲಿ ಜಾಹೀರಾತು ಕಂಪೆನಿಯೊಂದರಲ್ಲಿ ಯಾರಿಗೆ ಯಾವ ಕೆಲಸ, ಯಾವಾಗ ಮುಗಿಯಬೇಕು ಎಂದು ನೋಡಿಕೊಳ್ಳುವ ಮಹಿಳೆಯೊಬ್ಬಳಿದ್ದಳು. ಅವಳ ಮಾತು, ಅವಳ ತಾಪತ್ರಯ ಅವನ ಮನಸ್ಸಿನಲ್ಲಿ ನಿಂತಿತು. ಆಗಿನ ಕಂಪ್ಯೂಟರುಗಳು ಬಹಳ ನಿಧಾನ. ಬರೆದದ್ದನ್ನು ಯಂತ್ರ ಅರಗಿಸಿಕೊಳ್ಳಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಆತ ಮನೆಯ ಹತ್ತಿರದ ಗಾಲ್ಫ್ ಮೈದಾನದಲ್ಲಿ ನಡೆಯುತ್ತ, ಆ ಮಹಿಳೆಯಂಥ ಒಬ್ಬಾಕೆ ತಾನೇ ಎಂದು ಭಾವಿಸಿ, ‘ಇದು ನನಗೆ ಬೇಕೆ? ಇದನ್ನು ಹೀಗೆ ಮಾಡಿದರೆ ನನಗೆ ತಿಳಿಯುತ್ತದೆಯೆ?’ ಎಂದು ತನ್ನೊಂದಿಗೆ ತಾನೇ ಸಂಭಾಷಣೆ ನಡೆಸುತ್ತಿದ್ದನಂತೆ. ನಾಳೆ ರಾತ್ರಿಯ ಕೂಟಕ್ಕೆ ಇಂದು ತೋಟದ ದಾರಿಯಲ್ಲಿ ನಡೆಯುತ್ತ ಅರ್ಥ ಕಟ್ಟುವ ನಮ್ಮ ಅರ್ಥಧಾರಿಗಳಿಗೂ ಅವನಿಗೂ ಏನು ವ್ಯತ್ಯಾಸ?

1999ರಲ್ಲಿ ‘ದಿ ಇನ್‌ಮೇಟ್ಸ್ ಆರ್ ರನ್ನಿಂಗ್ ದಿ ಅಸೈಲಂ’ ಎಂಬ ಪುಸ್ತಕದಲ್ಲಿ ಆತ ಈ ಪದ್ಧತಿಯನ್ನು ಲೋಕಕ್ಕೆ ತಿಳಿಸಿದ. ಅವನ ವಾದ ಸರಳ. ‘ಬಳಕೆದಾರ’ ಎಂಬ ಶಬ್ದ ರಬ್ಬರಿನ ಹಾಗೆ; ಪ್ರೋಗ್ರಾಮರನಿಗೆ ಯಾವುದು ಸುಲಭವೋ ಅತ್ತ ಎಳೆದರೆ ಅತ್ತ ಬರುತ್ತದೆ. ಕಷ್ಟದ ವಿಷಯ ಬಂದಾಗ ‘ಬಳಕೆದಾರ ಜಾಣ’ ಎನ್ನಬಹುದು, ತಾನು ಸೋಮಾರಿಯಾದಾಗ ‘ಬಳಕೆದಾರನಿಗೆ ಅಷ್ಟೆಲ್ಲ ಬೇಡ’ ಎನ್ನಬಹುದು. ಆದ್ದರಿಂದ ಎಲ್ಲರಿಗಾಗಿ ಎಂದು ಮಾಡಬೇಡಿ, ನಿಶ್ಚಿತ ಒಬ್ಬನಿಗಾಗಿ ಮಾಡಿ ಎಂದ. ವಿಮಾನದ ಆಸನದ ಹಿಂಬದಿಯಲ್ಲಿ ಸಿನಿಮಾ ತೋರಿಸುವ ಪರದೆಗಾಗಿ ಅವನ ತಂಡ ಕಲ್ಪಿಸಿದ ವ್ಯಕ್ತಿಗಳಲ್ಲಿ ಒಬ್ಬ ಕ್ಲೆವಿಸ್ ಎಂಬ ಮುದುಕ: ಟೆಕ್ಸಾಸಿನವನು, ಅರುವತ್ತು ದಾಟಿ ಎಪ್ಪತ್ತರ ಹತ್ತಿರ ಬಂದವನು, ಸಿಡುಕ, ಕೈಯ ಗಂಟುಗಳಲ್ಲಿ ಸ್ವಲ್ಪ ವಾತದ ನೋವು, ಕಂಪ್ಯೂಟರಿನ ಗಂಧಗಾಳಿಯಿಲ್ಲ. ಆ ಮುದುಕನನ್ನು ನೆನೆದೇ ಅವರು ಹಳೆಯ ರೇಡಿಯೋದಲ್ಲಿದ್ದಂತಹ ಒಂದು ತಿರುಗಣೆಯನ್ನು ಪರದೆಯ ಕೆಳಗೆ ಇಟ್ಟರು. ಕ್ಲೆವಿಸನಿಗೆ ಸುಲಭವಾದದ್ದು ಉಳಿದವರಿಗೂ ಸುಲಭವಾಗುವುದೆಂದು ಅವರ ಲೆಕ್ಕ. ಚಕ್ರವಿರುವ ಪೆಟ್ಟಿಗೆಯನ್ನೂ ಕೂಪರ್ ಉದಾಹರಣೆಯಾಗಿ ಕೊಡುತ್ತಾನೆ. ಅದು ಹುಟ್ಟಿದ್ದು ವಿಮಾನದ ಸಿಬ್ಬಂದಿಗಾಗಿ. ಇಂದು ಕುಂಬಳೆ ಸ್ಟೇಷನ್ನಿನಲ್ಲಿ ಇಳಿಯುವ ಬಾಣಂತಿಯ ತಾಯಿಯೂ ಅದನ್ನೇ ಎಳೆದುಕೊಂಡು ಬರುತ್ತಾಳೆ.

ಗಮನಿಸಿ: ಆತ ಆರಿಸಿಕೊಂಡದ್ದು ಅಂಚಿನಲ್ಲಿದ್ದವನನ್ನು, ಬಗ್ಗಿಸಲಾಗದವನನ್ನು, ಸಿಡುಕನನ್ನು.

ಮುಂದೆ ಏನಾಯಿತು? ಎಲ್ಲ ಒಳ್ಳೆಯ ಪದ್ಧತಿಗಳಿಗೂ ಆಗುವುದೇ ಆಯಿತು. ಅರ್ಥ ಹೋಗಿ ಆಚಾರ ಉಳಿಯಿತು. ಏಳೆಂಟು ಮಂದಿಯನ್ನು ಕಂಡು ಮಾತಾಡುವ ಕಷ್ಟ ಯಾರಿಗೆ ಬೇಕು? ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು, ಬಣ್ಣದ ಚೀಟಿಗಳನ್ನು ಅಂಟಿಸಿ, ಎರಡು ಗಂಟೆಯಲ್ಲಿ ನಾಲ್ಕು ಪರ್ಸೋನಾಗಳನ್ನು ಹುಟ್ಟಿಸಬಹುದು. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಹೇಳಿದರೆ ಎರಡು ನಿಮಿಷದಲ್ಲಿ ನಲುವತ್ತು ಹುಟ್ಟಿಸಿ ಕೊಡುತ್ತದೆ, ಫೋಟೋ ಸಹಿತ.

ಬೆಂಗಳೂರಿನಲ್ಲಿ ಇಂತಹ ಕೆಲಸದಲ್ಲಿರುವ ನಮ್ಮ ಊರಿನ ಹುಡುಗನೊಬ್ಬ ದೀಪಾವಳಿ ರಜೆಯಲ್ಲಿ ಬಂದಿದ್ದಾಗ ತನ್ನ ಲ್ಯಾಪ್‌ಟಾಪಿನಲ್ಲಿ ಅಂಥ ಕೆಲವು ಹಾಳೆಗಳನ್ನು ತೋರಿಸಿದ. ಒಬ್ಬ ರಮೇಶನೆಂದಿಟ್ಟುಕೊಳ್ಳಿ: ಪ್ರಾಯ 32, ಕರ್ನಾಟಕ, ಭಾಷೆ ಕನ್ನಡ. ಒಬ್ಬ ಬಿಜು: ಪ್ರಾಯ 35, ಕೇರಳ, ಭಾಷೆ ಮಲಯಾಳ. ಹೀಗೆ ರಾಜ್ಯಕ್ಕೊಬ್ಬ.

“ಇದರಲ್ಲಿ ನಿನ್ನ ಅಜ್ಜಿ ಎಲ್ಲಿದ್ದಾರೆ?” ಎಂದು ಕೇಳಿದೆ.

ಅವನು ನಕ್ಕ. “ಮಾವ, ಅಜ್ಜಿ ಎಡ್ಜ್ ಕೇಸ್.”

ಎಡ್ಜ್ ಕೇಸ್ ಎಂದರೆ ಅವರ ಪರಿಭಾಷೆಯಲ್ಲಿ ಅಂಚಿನ ಪ್ರಕರಣ. ಎಲ್ಲ ಮುಗಿದ ಮೇಲೆ ಸಮಯವಿದ್ದರೆ ನೋಡಿಕೊಳ್ಳುವಂಥದ್ದು. ಗಡಿನಾಡಿನವರಾದ ನಮಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಬಿರುದು ಬೇರೆ ಸಿಗಲಾರದು!

ಇನ್ನು ನನ್ನ ಕೌಂಟರಿನ ವಿಚಾರ. ನಾನು ಕೆಲಸ ಮಾಡುವ ಬ್ಯಾಂಕಿನ ಹೆಸರು ಇಲ್ಲಿ ಬೇಡ. ಇದು ಒಂದು ಬ್ಯಾಂಕಿನ ದೋಷವಲ್ಲ. ನಮ್ಮ ಕಡೆಯ ಹಲವು ಎಟಿಎಂಗಳ ಮುಂದೆ ನಿಂತರೆ ಪರದೆಯ ಮೇಲೆ ಮೂರು ಭಾಷೆಗಳು ಕಾಣುತ್ತವೆ: ಇಂಗ್ಲಿಷ್, ಹಿಂದಿ, ಮಲಯಾಳ. ಅಲ್ಲಿಂದ ಬಸ್ಸು ಹತ್ತಿ ತಲಪಾಡಿ ದಾಟಿ ಅದೇ ಬ್ಯಾಂಕಿನ ಅದೇ ತರದ ಎಟಿಎಂ ಮುಂದೆ ನಿಲ್ಲಿ. ಇಂಗ್ಲಿಷ್, ಹಿಂದಿ, ಕನ್ನಡ. ಅಂದರೆ ‘ಹಣ ಪಡೆಯಲು ಇಲ್ಲಿ ಒತ್ತಿ’ ಎಂಬ ಮಾತನ್ನು ಆ ಬ್ಯಾಂಕು ಎಂದೋ ಕನ್ನಡಕ್ಕೆ ಅನುವಾದ ಮಾಡಿಸಿ, ಅಕ್ಷರ ಜೋಡಿಸಿ, ಪರೀಕ್ಷಿಸಿ ಇಟ್ಟುಕೊಂಡಿದೆ. ಆಚೆಗೆ ಸಿಗುವ ಕನ್ನಡ ಈಚೆಗೆ ಸಿಗುವುದಿಲ್ಲ. ಏಕೆಂದರೆ ಯಾರೋ ಒಬ್ಬರು ಎಲ್ಲೋ ಕುಳಿತು ‘ಕೇರಳದ ಗಿರಾಕಿ = ಬಿಜು’ ಎಂದು ಬರೆದಿದ್ದಾರೆ. ಖರ್ಚಾಗುತ್ತದೆ ಎಂಬ ಸಬೂಬು ಇಲ್ಲಿಗೇ ಮುರಿದುಬೀಳುತ್ತದೆ. ಖರ್ಚು ಆಗಿಹೋಗಿದೆ, ಸ್ವಾಮೀ. ಉಳಿದಿರುವುದು ಒಂದು ಸಾಲನ್ನು ತಿದ್ದುವುದು.

ಇದು ಯಂತ್ರದ ಮಿತಿಯೂ ಅಲ್ಲ. ಕಂಪ್ಯೂಟರ್ ಲೋಕದಲ್ಲಿ ಭಾಷೆಗಳಿಗೆ ಅಂತಾರಾಷ್ಟ್ರೀಯ ಸಂಕೇತಗಳಿವೆ: ಕನ್ನಡಕ್ಕೆ ‘ಕೆ ಎನ್’, ಮಲಯಾಳಕ್ಕೆ ‘ಎಂ ಎಲ್’, ತುಳುವಿಗೂ ಇದೆ ‘ಟಿ ಸಿ ವೈ’. ಇದರ ಪಕ್ಕದಲ್ಲಿ ಬರುವುದು ದೇಶದ ಸಂಕೇತ, ‘ಐ ಎನ್’. ‘ಕೆ ಎನ್ - ಐ ಎನ್’ ಎಂದರೆ ಭಾರತದಲ್ಲಿ ಬಳಸುವ ಕನ್ನಡ ಎಂದಷ್ಟೇ ಅರ್ಥ. ಅಲ್ಲಿ ಕರ್ನಾಟಕದ ಹೆಸರಿಲ್ಲ, ಕೇರಳದ ಹೆಸರೂ ಇಲ್ಲ. ಭಾಷೆ ಮನುಷ್ಯನದ್ದು, ವಿಳಾಸ ಮನೆಯದ್ದು ಎಂಬುದು ಯಂತ್ರಕ್ಕೆ ಗೊತ್ತಿದೆ. ಎರಡನ್ನೂ ಗಂಟು ಹಾಕಿದವರು ಹಾಳೆ ಬರೆದವರು. ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಯಿರಿ. 1949ರಲ್ಲಿ ರಾಷ್ಟ್ರಕವಿಯಾದವರು, 1956ರ ನವೆಂಬರ್ ಒಂದರಿಂದ 1963ರಲ್ಲಿ ತೀರಿಕೊಳ್ಳುವ ತನಕ ಕೇರಳದ ನಿವಾಸಿ. ಅವರು ಇಂದಿದ್ದು, ಇಂತಹ ಒಂದು ಆ್ಯಪ್ ತೆರೆದು, ರಾಜ್ಯದ ಪಟ್ಟಿಯಲ್ಲಿ ‘ಕೇರಳ’ ಒತ್ತಿದರೆ ಆ ಬಹುಭಾಷಾ ವಿದ್ವಾಂಸರಿಗೆ ಕನ್ನಡವೊಂದನ್ನು ಬಿಟ್ಟು ಬೇರೆಲ್ಲ ಸಿಗುತ್ತಿತ್ತು. ಎಲ್ಲ ಆ್ಯಪ್‌ಗಳೂ ಹೀಗೆಂದು ನಾನು ಹೇಳುತ್ತಿಲ್ಲ. ರಾಜ್ಯವನ್ನು ಬೇರೆ, ಭಾಷೆಯನ್ನು ಬೇರೆ ಕೇಳುವವು ಬೇಕಷ್ಟಿವೆ. ಅವು ಇರುವುದರಿಂದಲೇ ಉಳಿದವುಗಳ ಮೇಲೆ ನನ್ನ ಸಿಟ್ಟು.

ನ್ಯಾಯವಾಗಿ ಹೇಳಬೇಕಾದರೆ ಸಾಫ್ಟ್‌ವೇರಿಗಿಂತ ಮೊದಲೇ ಈ ರೋಗವಿತ್ತು. ರಿಸರ್ವ್ ಬ್ಯಾಂಕು 2015ರ ಗ್ರಾಹಕ ಸೇವೆಯ ಮಾಸ್ಟರ್ ಸುತ್ತೋಲೆಯಲ್ಲಿ ಖಾತೆ ತೆರೆಯುವ ಅರ್ಜಿ, ಚಲನು, ಪಾಸ್‌ಬುಕ್ಕುಗಳೆಲ್ಲ ಇಂಗ್ಲಿಷ್, ಹಿಂದಿ ಹಾಗೂ ‘ಸಂಬಂಧಪಟ್ಟ ಪ್ರಾದೇಶಿಕ ಭಾಷೆ’ಯಲ್ಲಿರಬೇಕೆಂದಿತ್ತು. ಸಂಬಂಧಪಟ್ಟ ಪ್ರದೇಶ ಎಂದರೆ ಯಾವುದು? ಬದಿಯಡ್ಕವೇ, ತಿರುವನಂತಪುರವೇ? ಅರ್ಜಿ ಅಚ್ಚು ಹಾಕಿಸಿದವರು ರಾಜಧಾನಿಯ ಕಡೆಗೆ ನೋಡಿ ತೀರ್ಮಾನಿಸಿದರು. ಆದರೆ ಕಾಗದದ ಕಾಲದಲ್ಲಿ ಒಂದು ಸೌಕರ್ಯವಿತ್ತು. ಕೌಂಟರಿನ ಈಚೆಗೆ ಒಬ್ಬ ಮನುಷ್ಯ ಕುಳಿತಿರುತ್ತಿದ್ದ. “ಅಮ್ಮಾ, ಇಲ್ಲಿ ಹೆಸರು, ಇಲ್ಲಿ ಒಪ್ಪ” ಎಂದು ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಿದ್ದ. ಈಗ ಆ ಮನುಷ್ಯನನ್ನು ಕಡಮೆ ಮಾಡುವುದೇ ಸಾಫ್ಟ್‌ವೇರಿನ ಉದ್ದೇಶವಾಗಿರುವಾಗ, ಅವನು ಬಾಯಿಮಾತಿನಲ್ಲಿ ತುಂಬಿಕೊಡುತ್ತಿದ್ದ ಜಾಗ ಖಾಲಿ ಬಿದ್ದಿದೆ. ಇದು ನನ್ನ ಉದ್ಯೋಗದ ಭಯದಿಂದ ಬಂದ ಮಾತು ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ.

ಆ ಖಾಲಿ ಜಾಗದಲ್ಲಿ ಏನು ನಡೆಯುತ್ತದೆಂದು ನೋಡಿ. ಬೀಡಿ ಕಟ್ಟಿ ಬದುಕುವ ಒಬ್ಬ ತಾಯಿ. ಮನೆಮಾತು ತುಳು, ಐದನೆಯ ತರಗತಿಯ ತನಕ ಕನ್ನಡ ಶಾಲೆ, ಪಂಚಾಂಗ ಓದುತ್ತಾರೆ, ಆಟದ ಕರಪತ್ರ ಓದುತ್ತಾರೆ, ಸ್ಪಷ್ಟವಾಗಿ ಕನ್ನಡದಲ್ಲಿ ಒಪ್ಪ ಹಾಕುತ್ತಾರೆ. ಮೊಬೈಲಿಗೆ ಒಟಿಪಿ ಬರುತ್ತದೆ. ಅದರ ಜೊತೆಗೇ ಇಂಗ್ಲಿಷಿನಲ್ಲಿ ಎಚ್ಚರಿಕೆಯೂ ಬರುತ್ತದೆ: ಈ ಸಂಖ್ಯೆಯನ್ನು ಯಾರಿಗೂ ತಿಳಿಸಬಾರದು. ಅವರಿಗೆ ಇಂಗ್ಲಿಷ್ ಬಾರದು. ಏನು ಬಂದಿದೆಯೆಂದು ತಿಳಿಯಲು ಅವರು ಪಕ್ಕದಲ್ಲಿ ನಿಂತ ಯಾರದೋ ಕೈಗೆ ಮೊಬೈಲನ್ನು ಕೊಡುತ್ತಾರೆ. “ಇದ್ರಲ್ಲಿ ಎಂತ ಉಂಟು ನೋಡು ಮಗಾ” ಎನ್ನುತ್ತಾರೆ. ಯಾರಿಗೂ ತೋರಿಸಬೇಡಿ ಎಂಬ ಮಾತನ್ನು ಓದಿಸಿಕೊಳ್ಳಲು ಯಾರಿಗಾದರೂ ತೋರಿಸಲೇಬೇಕು! ಆ ‘ಮಗ’ ಒಳ್ಳೆಯವನಾಗಿದ್ದರೆ ಪುಣ್ಯ. ಒಮ್ಮೆ ಹಾಗಾಗಲಿಲ್ಲ. ಅವರ ಖಾತೆಯಿಂದ ಹೋದ ಹಣ ದೊಡ್ಡ ಮೊತ್ತವಲ್ಲವೆಂದು ಯಾರೋ ಸಮಾಧಾನ ಹೇಳಿದರು. ಸಾವಿರ ಬೀಡಿ ಸುತ್ತಿದರೆ ಕೈಗೆ ಎಷ್ಟು ಬರುತ್ತದೆಂದು ತಿಳಿದವರು ಹಾಗೆ ಹೇಳಲಾರರು.

ಇನ್ನೊಂದು, ಇದಕ್ಕಿಂತ ಸೂಕ್ಷ್ಮವಾದದ್ದು. ಆ್ಯಪ್‌ಗಳಲ್ಲಿಯೂ ಕೌಂಟರಿನ ಟ್ಯಾಬ್‌ಗಳಲ್ಲಿಯೂ ಒಂದು ಚೌಕವಿರುತ್ತದೆ: ‘ಮೇಲಿನ ಷರತ್ತುಗಳನ್ನು ಓದಿ, ಅರ್ಥಮಾಡಿಕೊಂಡು, ಒಪ್ಪಿದ್ದೇನೆ.’ ವಿಮೆಯ ಕಂತು ವರ್ಷವರ್ಷ ಖಾತೆಯಿಂದ ಕಡಿತವಾಗಲು ಇಂತಹ ಒಪ್ಪಿಗೆ ಸಾಕು. ಓದಲಾಗದ ಲಿಪಿಯಲ್ಲಿ ಬರೆದುದನ್ನು ಓದಿದ್ದೇನೆಂದು ಒಬ್ಬರಿಂದ ಹೇಳಿಸುವುದು ಸುಳ್ಳು ಹೇಳಿಸಿದಂತಲ್ಲವೆ? ಗೋಡೆಯ ಮೇಲಿನ ಬಿಜು ಓದಬಲ್ಲ, ಅವನಿಗೆ ಅರ್ಥವಾಗುತ್ತದೆ, ಅವನು ಒಪ್ಪುತ್ತಾನೆ. ಸಹಿ ಮಾತ್ರ ಈ ತಾಯಿಯದು. ನಾಳೆ ತಕರಾರು ಬಂದರೆ ದಾಖಲೆ ಯಾರ ಪರ ನಿಲ್ಲುತ್ತದೆ ಎಂದು ಬ್ಯಾಂಕಿನವನಾಗಿ ನನಗೆ ಗೊತ್ತು.

ಹೆಸರಿನ ಕಥೆ ಬೇರೆಯೇ ಇದೆ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕೋಣೆ ಕೊಡುತ್ತಾರೆ. ನಮ್ಮಲ್ಲಿ ಮನೆಯ ಹೆಸರಿನ ಇನಿಶಿಯಲ್ ಇದೆ, ತಂದೆಯ ಹೆಸರಿನದಿದೆ, ಹೆಸರಿಗೇ ಅಂಟಿಕೊಂಡ ಭಟ್ಟ, ರೈ, ಶೆಟ್ಟಿ, ನಾಯ್ಕ ಇವೆ. ಹಳೆಯ ವಿಭಾಗಪತ್ರ ದಕ್ಷಿಣ ಕನ್ನಡ ಜಿಲ್ಲೆಯ ಕಾಲದ್ದು, ಕನ್ನಡದಲ್ಲಿದೆ. ಆಧಾರ್ ಚೀಟಿ ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ಒಂದೊಂದರಲ್ಲಿಯೂ ಒಂದೊಂದು ಕಾಗುಣಿತ. ‘ಹೆಸರು ಹೊಂದಿಕೆಯಾಗುತ್ತಿಲ್ಲ’ ಎಂದು ಯಂತ್ರ ಕೆಂಪಗೆ ಬರೆಯುತ್ತದೆ. ಮನುಷ್ಯ ಎದುರಿಗೆ ನಿಂತಿರುತ್ತಾನೆ.

ಸರಾಸರಿ ಮನುಷ್ಯನಿಗೆ ಹೊಲಿದ ಅಂಗಿ ಯಾರಿಗೂ ಸರಿಯಾಗುವುದಿಲ್ಲ ಎಂಬುದಕ್ಕೆ ಒಂದು ಹಳೆಯ ಸಾಕ್ಷಿಯಿದೆ. ಅಮೆರಿಕದ ವಾಯುಸೇನೆಯಲ್ಲಿ ವಿಮಾನದ ಚಾಲಕನ ಕೋಣೆಯನ್ನು ಸರಾಸರಿ ಅಳತೆಯ ದೇಹಕ್ಕೆ ಹೊಂದುವಂತೆ ಮಾಡುತ್ತಿದ್ದರು. 1950ರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ, ಲೆಕ್ಕ ಹೇಳಬೇಕಾದರೆ 4,063 ಪೈಲಟರ ಮೈ ಅಳತೆ ತೆಗೆಯಲಾಯಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ವಿಜ್ಞಾನಿ ಅವುಗಳಲ್ಲಿ ಎತ್ತರ, ಎದೆ, ತೋಳು ಮುಂತಾದ 10 ಅಳತೆಗಳನ್ನು ಆರಿಸಿ, ಹತ್ತರಲ್ಲಿಯೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಹುಡುಕಿದ. ಒಬ್ಬನೂ ಇರಲಿಲ್ಲ. ಆಮೇಲೆ ವಾಯುಸೇನೆ ಪೈಲಟರನ್ನು ಬದಲಾಯಿಸಲಿಲ್ಲ. ಆಸನವನ್ನು ಹಿಂದೆ ಮುಂದೆ ಸರಿಸುವಂತೆ, ಪಟ್ಟಿಗಳನ್ನು ಬಿಗಿ ಸಡಿಲ ಮಾಡುವಂತೆ ಮಾಡಿಸಿತು. ಸರಾಸರಿ ಎಂಬ ಭೂತವನ್ನು ಓಡಿಸಲು ಕೂಪರ್ ಪರ್ಸೋನಾ ತಂದ. ಈಗ ಆ ಪರ್ಸೋನಾದ ಮೈಮೇಲೆಯೇ ಸರಾಸರಿ ಆವಾಹನೆಯಾಗಿದೆ. ರಾಜ್ಯಕ್ಕೊಬ್ಬ ಎಂದರೆ ರಾಜ್ಯದ ಸರಾಸರಿ ಎಂದಲ್ಲದೆ ಇನ್ನೇನು?

ನೀವೆಷ್ಟು ಮಂದಿ ಇದ್ದೀರಿ ಎಂದು ಅವರು ಕೇಳುತ್ತಾರೆ. ಜನಗಣತಿಯನ್ನು ಮುಂದಿಡುತ್ತಾರೆ. ಈ ಲೆಕ್ಕದಲ್ಲಿಯೇ ಒಂದು ಮೋಸವಿದೆ, ಅದನ್ನು ನಮ್ಮವರೂ ಸರಿಯಾಗಿ ಗಮನಿಸಿಲ್ಲ. ಜನಗಣತಿ ಕೇಳುವುದು ಮಾತೃಭಾಷೆಯನ್ನು. ತುಳು, ಕೊಂಕಣಿ, ಮರಾಠಿ ಮನೆಮಾತಿನವರು ಅದನ್ನೇ ಬರೆಸುತ್ತಾರೆ, ಬರೆಸಬೇಕಾದದ್ದೂ ಅದನ್ನೇ. ಆದರೆ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಅವರಲ್ಲಿ ಹೆಚ್ಚಿನ ಹಿರಿಯರು ಕಲಿತದ್ದು ಕನ್ನಡ ಶಾಲೆಯಲ್ಲಿ, ಓದುವುದು ಕನ್ನಡವನ್ನು. ಆ್ಯಪ್‌ಗೆ ಬೇಕಾದದ್ದು ಮನೆಯಲ್ಲಿ ಆಡುವ ಭಾಷೆಯೋ, ಓದಿ ತಿಳಿಯುವ ಭಾಷೆಯೋ? ಹಾಳೆಯಲ್ಲಿ ‘ಭಾಷೆ’ ಎಂದು ಒಂದೇ ಗೆರೆಯಿದೆ. ನಮ್ಮ ಊರಿನ ಒಬ್ಬೊಬ್ಬರಿಗೆ ಕನಿಷ್ಠ ಮೂರು ಗೆರೆ ಬೇಕು: ಮನೆಯಲ್ಲಿ ಯಾವುದು, ಪೇಟೆಯಲ್ಲಿ ಯಾವುದು, ಕಾಗದದಲ್ಲಿ ಯಾವುದು. ಸಪ್ತಭಾಷೆಗಳ ಊರೆಂದು ಭಾಷಣಗಳಲ್ಲಿ ನಾವೇ ಕೊಚ್ಚಿಕೊಳ್ಳುತ್ತೇವಲ್ಲ, ಅದರ ಅರ್ಥ ಇದೇ.

ಎಳೆಯರಿಗೆಲ್ಲ ಇಂಗ್ಲಿಷ್ ಬರುತ್ತದೆ, ಇದು ಇನ್ನೊಂದು ತಲೆಮಾರಿನ ಮಾತು ಎನ್ನುವವರೂ ಇದ್ದಾರೆ. ಅಂದರೆ ಈ ತಲೆಮಾರು ತೀರಿಕೊಳ್ಳುವ ತನಕ ಕಾಯೋಣ ಎಂದೇ? ಅವರ ಠೇವಣಿ ಮಾತ್ರ ಈಗಲೇ ಬೇಕು.

‘ಕೇರಳದಲ್ಲಿದ್ದೀರಿ, ಮಲಯಾಳ ಕಲಿಯಬಾರದೆ?’ ಎಂಬ ಪ್ರಶ್ನೆಗೆ ಈ ವಾರ್ಷಿಕವೇ ಉತ್ತರ. ಇದರ ಅರ್ಧ ಪುಟಗಳು ಮಲಯಾಳದಲ್ಲಿವೆ, ಅವನ್ನು ಓದುವ ಕನ್ನಡಿಗರಿದ್ದಾರೆ, ಈ ಅರ್ಧವನ್ನು ಓದುವ ಮಲಯಾಳಿಗಳಿದ್ದಾರೆ. ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಆಸ್ಪತ್ರೆಯಲ್ಲಿ ನಾವು ಆಡುವುದು ಮಲಯಾಳವನ್ನೇ. ಬಸ್ಸಿನಲ್ಲಿ ಆಡುವುದು ಬೇರೆ, ಸಾಲದ ಕರಾರುಪತ್ರವನ್ನು ಓದಿ ಒಪ್ಪುವುದು ಬೇರೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿಯೇ ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು, ಅದೇ ಭಾಷೆಯಲ್ಲಿ ಉತ್ತರವೂ ಸಿಗಬೇಕು ಎಂಬ ವ್ಯವಸ್ಥೆಯಿದೆ. ಆಚರಣೆಯಲ್ಲಿ ಅದು ಎಷ್ಟು ನಡೆಯುತ್ತದೆ ಎಂಬುದು ಬೇರೆಯೇ ಜಗಳ. ಆದರೆ ಕಂಪ್ಯೂಟರನ್ನು ಕಣ್ಣಿನಲ್ಲಿ ಕಾಣದ ಕಾಲದ ಆ ಶಾಸಕರಿಗೆ ಇಂತಹ ಒಬ್ಬ ಮನುಷ್ಯ ಕೇರಳದಲ್ಲಿ ಇದ್ದಾನೆಂದು ಗೊತ್ತಿತ್ತು. ಗೋಡೆಗೆ ಹಾಳೆ ಅಂಟಿಸುವವರಿಗೆ ಗೊತ್ತಿಲ್ಲ.

ಮಲಯಾಳದ ಗೆಳೆಯರಲ್ಲಿ ಒಂದು ಮಾತು. ಇದು ನಿಮ್ಮ ಭಾಷೆಯ ಮೇಲಿನ ದೂರಲ್ಲ. ತಲಪಾಡಿಯ ಆಚೆ, ಮಡಿಕೇರಿಯಲ್ಲಿ, ವಿರಾಜಪೇಟೆಯಲ್ಲಿ ನೆಲೆಸಿದ ನಿಮ್ಮ ಬಂಧುಗಳನ್ನು ಕೇಳಿನೋಡಿ. ಅಲ್ಲಿನ ಯಂತ್ರದ ಮುಂದೆ ಮಲಯಾಳ ಮಾತ್ರ ಓದಬಲ್ಲ ಒಬ್ಬ ಉಮ್ಮ ನಿಂತರೆ, ಅವಳನ್ನು ರಮೇಶನೆಂದೇ ತಿಳಿಯುವ ವ್ಯವಸ್ಥೆ ಇದು. ಗಡಿಯ ಎರಡೂ ಬದಿಯಲ್ಲಿ ಒಂದೇ ಪೆಟ್ಟು ಬೀಳುತ್ತಿರುವಾಗ ಕೂಗನ್ನು ಎರಡು ಭಾಷೆಯಲ್ಲಿ ಹಾಕುವುದು ಒಳ್ಳೆಯದು.

ಇನ್ನು ನಮ್ಮ ಮನೆಗಳ ವಿಚಾರ. ಈ ಹಾಳೆಗಳನ್ನು ಬರೆಯುವವರು ಯಾವುದೋ ದೂರದೇಶದ ರಾಕ್ಷಸರಲ್ಲ. ಅಡಕೆ ಮಾರಿ, ಸಾಲ ತೆಗೆದು (ಆ ಸಾಲದ ಕಾಗದಗಳಲ್ಲಿ ಕೆಲವು ನನ್ನ ಮೇಜಿನ ಮೇಲೆಯೇ ಹಾದುಹೋಗಿವೆ) ನಾವು ಎಂಜಿನಿಯರಿಂಗ್ ಓದಿಸಿದ ಮಕ್ಕಳೇ ಬೆಂಗಳೂರಿನ, ಕೊಚ್ಚಿಯ ಆ ಕೋಣೆಗಳಲ್ಲಿ ಕುಳಿತಿದ್ದಾರೆ. ಪೆರ್ಲದ, ನೀರ್ಚಾಲಿನ, ಮುಳ್ಳೇರಿಯದ ಹುಡುಗರು, ಹುಡುಗಿಯರು. ಮೇಲಿನವರು ‘ಕೇರಳದ ಗಿರಾಕಿ ಯಾರು?’ ಎಂದು ಕೇಳಿದಾಗ ಅವರಿಗೆ ತಮ್ಮ ಅಜ್ಜಿಯ ನೆನಪಾಗುವುದಿಲ್ಲ, ಅಥವಾ ನೆನಪಾದರೂ ಹೇಳಲು ನಾಚಿಕೆ. ಊರಿಗೆ ಬಂದಾಗ ಅದೇ ಅಜ್ಜಿಯ ಮೊಬೈಲನ್ನು ಕೈಗೆತ್ತಿಕೊಂಡು “ಕೊಡಿ ಅಜ್ಜಿ, ನಾನು ಮಾಡಿಕೊಡ್ತೇನೆ” ಎಂದು ಚಕಚಕನೆ ಒತ್ತಿ ಕೊಡುತ್ತಾರೆ. ಪ್ರೀತಿಯೇ ಅದು, ಸಂಶಯವಿಲ್ಲ. ಆದರೆ ಆ ಹುಡುಗ ಅರ್ಧ ಗಂಟೆ ಸುಮ್ಮನೆ ಪಕ್ಕದಲ್ಲಿ ಕುಳಿತು, ಅಜ್ಜಿಯ ಬೆರಳು ಎಲ್ಲಿ ತಡೆಯುತ್ತದೆ, ಯಾವ ಶಬ್ದದ ಮುಂದೆ ಕಣ್ಣು ನಿಲ್ಲುತ್ತದೆ ಎಂದು ನೋಡಿದ್ದರೆ ಅವನ ಕಂಪೆನಿ ಲಕ್ಷಾಂತರ ಕೊಟ್ಟು ಮಾಡಿಸುವ ಸಮೀಕ್ಷೆಗಿಂತ ಹೆಚ್ಚು ತಿಳಿಯುತ್ತಿತ್ತು. ಅಜ್ಜಿಯನ್ನು ಎಡ್ಜ್ ಕೇಸ್ ಎಂದ ಹುಡುಗನಿಗೆ ನಾನು ಇದನ್ನೇ ಹೇಳಿದೆ. ಅವನು ತಲೆದೂಗಿದ, “ಆದರೆ ಮಾವ, ನಾನೊಬ್ಬ ಹೇಳಿದರೆ ಅಲ್ಲಿ ಕೇಳುವವರು ಯಾರು?” ಎಂದ. ಕೇಳುವರೋ ಇಲ್ಲವೋ, ಹಾಳೆಯನ್ನಾದರೂ ನಾವೇ ಬರೆದುಕೊಡೋಣ ಎಂದು ಅವನ ಎದುರಿಗೇ ಒಂದನ್ನು ಬರೆಸಿದೆ. ಬೇರೆ ಮಕ್ಕಳಿಗೂ ಉಪಯೋಗಕ್ಕೆ ಬಂದೀತೆಂದು ಅದನ್ನು ಇಲ್ಲಿ ಕೊಡುತ್ತೇನೆ. ಹೆಸರಿನ ಜಾಗ ಬಿಟ್ಟಿದ್ದೇನೆ, ಅವರವರ ಮನೆಯ ಹೆಸರನ್ನು ತುಂಬಿಕೊಳ್ಳಲಿ.

ಪ್ರಾಯ 67. ವಾಸ: ಕಾಸರಗೋಡು ಜಿಲ್ಲೆ, ಕೇರಳ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಓದುವುದು ಬರೆಯುವುದು ಕನ್ನಡ. ಇಂಗ್ಲಿಷಿನ ಅಂಕೆಗಳು ಗೊತ್ತು, ಅಕ್ಷರ ಗೊತ್ತಿಲ್ಲ. ಮೊಬೈಲು ಮಗನದ್ದು, ಹಳೆಯದಾದಾಗ ಕೊಟ್ಟದ್ದು. ಖಾತೆಗೆ ಜೋಡಿಸಿದ ನಂಬರು ಇನ್ನೂ ಮಗನ ಹೆಸರಿನಲ್ಲಿದೆ, ಮಗ ದುಬೈಯಲ್ಲಿದ್ದಾನೆ. ಅಡಕೆ ಸುಲಿದು ಹೆಬ್ಬೆರಳಿನ ಗೆರೆ ಸವೆದಿದೆ, ಬೆರಳಚ್ಚಿನ ಯಂತ್ರ ಎರಡು ಸಲ ಹಿಡಿಯುವುದಿಲ್ಲ, ಮೂರನೆಯ ಸಲ ಹಿಡಿಯುತ್ತದೆ. ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಕಾಣದು. ಲೆಕ್ಕದಲ್ಲಿ ಗಟ್ಟಿ, ಬಡ್ಡಿಯಲ್ಲಿ ಎರಡು ರೂಪಾಯಿ ವ್ಯತ್ಯಾಸ ಬಂದರೂ ಕೇಳುತ್ತಾರೆ. ಯಾರೂ ತನಗಾಗಿ ಒತ್ತಿಕೊಡುವುದನ್ನು ಇಷ್ಟಪಡುವುದಿಲ್ಲ, ಬೇರೆ ದಾರಿ ಕಾಣದೆ ಕೊಡುತ್ತಾರೆ. ಸಾಮಾನ್ಯವಾಗಿ ಮಂಗಳವಾರ ಹನ್ನೊಂದು ಗಂಟೆಯ ಬಸ್ಸಿಗೆ ಬ್ಯಾಂಕಿಗೆ ಬರುತ್ತಾರೆ, ಒಂದೂವರೆಯ ಬಸ್ಸಿನ ತನಕ ಕೌಂಟರಿನ ಎದುರಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಮಾತಾಡಿಸಿದರೆ ಮಾತಾಡುತ್ತಾರೆ.